ಯಾವ ನೂರಕ್ಕೆ ತೊಂಬತ್ತೆಂಟು?

ಇವತ್ತು ರಾಜಕೀಯ ಬೇಡ. ಯಾರು ಯಾವ ಪಕ್ಷ ಬಿಟ್ಟರು, ಯಾರು ಯಾವ ರೆಸಾರ್ಟಿಗೆ ಹೋದರು ಅನ್ನೋದು ನಾಳೆಯೂ ಇರುತ್ತೆ. ಇವತ್ತು ಕಣ್ಣಿನ ವಿಷಯ ಮಾತಾಡೋಣ. ಶುರು ಮಾಡೋದು ನನ್ನದೇ ಒಂದು ತಪ್ಪಿನಿಂದ.

ಕೆಲವು ವರ್ಷಗಳ ಹಿಂದೆ, ಆಗ ನಾನು ಬೇರೊಂದು ವಾಹಿನಿಯಲ್ಲಿದ್ದೆ, ಭಾನುವಾರ ಬೆಳಗ್ಗೆ ಅರ್ಧ ಗಂಟೆಯ ಒಂದು ಆರೋಗ್ಯ ಕಾರ್ಯಕ್ರಮ ನಡೆಸಿಕೊಟ್ಟೆ. ವಿಷಯ, ಲೇಸರ್ ಮೂಲಕ ಕನ್ನಡಕ ತೆಗೆಸುವ ಶಸ್ತ್ರಚಿಕಿತ್ಸೆ. ಎದುರಿಗೆ ಡಾಕ್ಟರು, ಪಕ್ಕದಲ್ಲಿ ಕಣ್ಣಿನ ದೊಡ್ಡ ಮಾಡೆಲ್, ಕೆಳಗೆ ಸ್ಕ್ರೀನ್ ಮೇಲೆ ಓಡುವ ಫೋನ್ ನಂಬರ್. ನಾನು ಕೇಳಿದ ಪ್ರಶ್ನೆಗಳು ನನ್ನವಲ್ಲ. ಮೊದಲೇ ಟೈಪ್ ಮಾಡಿ ಕಳಿಸಿದ್ದರು. ಯಾಕಂದ್ರೆ ಆ ಅರ್ಧ ಗಂಟೆಗೆ ಅವರು ದುಡ್ಡು ಕೊಟ್ಟಿದ್ದರು. ಕೊನೆಯಲ್ಲಿ ನಾನು ಕ್ಯಾಮೆರಾ ನೋಡಿ ಹೇಳಿದೆ: "ಹತ್ತೇ ನಿಮಿಷ. ನೂರಕ್ಕೆ ತೊಂಬತ್ತೆಂಟು ಯಶಸ್ಸು. ಕನ್ನಡಕಕ್ಕೆ ಟಾಟಾ!"

ತಮಾಷೆ ಏನು ಗೊತ್ತಾ? ಆ ಮಾತು ಹೇಳುವಾಗ ನನ್ನ ಕನ್ನಡಕ ಮೇಕಪ್ ರೂಮಿನ ಡಬ್ಬಿಯಲ್ಲಿತ್ತು. ಕಣ್ಣಲ್ಲಿ ಕಾಂಟ್ಯಾಕ್ಟ್ ಲೆನ್ಸ್ ಇತ್ತು. ನಾನೇ ಟಾಟಾ ಹೇಳಿರದ ವಸ್ತುವಿಗೆ ನೀವು ಟಾಟಾ ಹೇಳಿ ಅಂತ ಹೇಳ್ತಿದ್ದೆ.

ಮರೆತೂ ಹೋಗಿದ್ದೆ ಅದನ್ನ. ಆಮೇಲೆ ಒಂದು ರಾತ್ರಿ ವಿಮಾನ ಇಳಿದು ದೇವನಹಳ್ಳಿಯಿಂದ ಮನೆಗೆ ಕ್ಯಾಬ್ ಹತ್ತಿದೆ. ಚಾಲಕ ನನ್ನ ಗುರುತು ಹಿಡಿದರು. ನಿಮ್ಮ ಕಾರ್ಯಕ್ರಮ ನೋಡಿಯೇ ಕಣ್ಣಿನ ಆಪರೇಷನ್ ಮಾಡಿಸಿದೆ ಸಾರ್ ಅಂದರು. ನನಗೆ ಖುಷಿಯಾಯ್ತು. ಹೇಗಿದೆ ಈಗ ಅಂತ ಕೇಳಿದೆ. ಬೋರ್ಡೆಲ್ಲ ಚೆನ್ನಾಗಿ ಕಾಣುತ್ತೆ ಸಾರ್ ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಆದ್ರೆ ಎದುರಿಗೆ ಬರೋ ಲೈಟು ಒಡೆದು ಹೋಗುತ್ತೆ ಅಂದರು.

ಒಡೆದು ಹೋಗುತ್ತೆ ಅಂದ್ರೆ? ಒಂದೊಂದು ಹೆಡ್‌ಲೈಟಿನ ಸುತ್ತಲೂ ಬೆಳಕಿನ ಬಳೆ. ಕೆಲವೊಮ್ಮೆ ನಕ್ಷತ್ರದ ಥರ ಚೂಪು ಚೂಪು ಕಿರಣ. ಮಳೆ ಬಂದು ರಸ್ತೆ ಒದ್ದೆಯಾದರಂತೂ ಎರಡು ಲಾರಿ ಬಂದರೆ ದೀಪಾವಳಿ. ವಿಮಾನ ನಿಲ್ದಾಣದ ಒಳ್ಳೆ ಬಾಡಿಗೆ ಸಿಗೋದೇ ರಾತ್ರಿ ಮತ್ತು ನಸುಕಿನಲ್ಲಿ. ಹಾಗಾಗಿ ರಾತ್ರಿ ಪಾಳಿ ವಾರಕ್ಕೆ ಎರಡು ದಿನಕ್ಕೆ ಇಳಿಸಿಕೊಂಡಿದ್ದರು. ಒಂದು ವರ್ಷ ಕಳೆದ ಮೇಲೆ ಸ್ವಲ್ಪ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ ಅಂದರು. ಡಾಕ್ಟರ ಹತ್ತಿರ ಹೇಳಿದ್ರಾ ಅಂತ ಕೇಳಿದೆ. ಅವರು ಬೋರ್ಡ್ ಓದಿಸಿದ್ರು, ಕೊನೆ ಸಾಲಿನವರೆಗೂ ಓದಿದೆ, ಸೂಪರ್ ಅಂತ ಬೆನ್ನು ತಟ್ಟಿದ್ರು. ಇನ್ನೇನು ಹೇಳಲಿ ಸಾರ್ ಅಂದರು.

ಅವರು ನನ್ನ ಮೇಲೆ ಸಿಟ್ಟು ಮಾಡಿಕೊಳ್ಳಲಿಲ್ಲ. ಮಾಡಿಕೊಂಡಿದ್ದರೆ ಚೆನ್ನಾಗಿತ್ತು.

ಈಗ ಯೋಚನೆ ಮಾಡಿ. ಆ ಆಸ್ಪತ್ರೆಯ ಫೈಲಿನಲ್ಲಿ ಈ ಮನುಷ್ಯ ಎಲ್ಲಿದ್ದಾರೆ? ಯಶಸ್ಸಿನ ಪಟ್ಟಿಯಲ್ಲಿ. ನಾನು ಟಿವಿಯಲ್ಲಿ ಹೇಳಿದ ಆ ತೊಂಬತ್ತೆಂಟರಲ್ಲಿ ಇವರೂ ಒಬ್ಬರು. ಯಾರೂ ಸುಳ್ಳು ಬರೆದಿಲ್ಲ. ಬೋರ್ಡಿನ ಕೊನೆ ಸಾಲು ಓದಿದ್ದು ನಿಜ. ಹಾಗಾದರೆ ತಪ್ಪಿದ್ದು ಎಲ್ಲಿ? ಅದನ್ನೇ ಇವತ್ತು ನಿಮ್ಮ ಜೊತೆ ಕೂತು ಬಿಡಿಸಬೇಕು ಅಂದ್ಕೊಂಡಿದ್ದೀನಿ.

ಮೊದಲು ಒಂದು ಮಾತು ಸ್ಪಷ್ಟವಾಗಿ ಹೇಳಿಬಿಡ್ತೀನಿ. ಲೇಸಿಕ್ ಮೋಸ ಅಲ್ಲ. ಆ ಮೂಲ ಸಂಶೋಧನೆಯಲ್ಲಿ ನಾವು ಹೆಮ್ಮೆಪಡುವ ಒಂದು ಹೆಸರೂ ಇದೆ. 1981ರ ನವೆಂಬರ್. ಅಮೆರಿಕದ ಐಬಿಎಂ ಕಂಪನಿಯ ಪ್ರಯೋಗಾಲಯ. ಮದರಾಸು ವಿಶ್ವವಿದ್ಯಾಲಯದಲ್ಲಿ ಓದಿದ್ದ ರಂಗಸ್ವಾಮಿ ಶ್ರೀನಿವಾಸನ್ ಎಂಬ ವಿಜ್ಞಾನಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟದಲ್ಲಿ ಉಳಿದ ಟರ್ಕಿ ಕೋಳಿಯ ತುಂಡನ್ನು ಲ್ಯಾಬಿಗೆ ತಂದರು. ಎಕ್ಸೈಮರ್ ಲೇಸರ್ ಎಂಬ ಅತಿನೇರಳೆ ಕಿರಣವನ್ನು ಅದರ ಮೇಲೆ ಬಿಟ್ಟರು. ಸುಡಲಿಲ್ಲ, ಕರಕಲಾಗಲಿಲ್ಲ. ಕೆತ್ತಿದ ಹಾಗೆ ಅಚ್ಚುಕಟ್ಟಾಗಿ ಅಂಗಾಂಶ ಎದ್ದುಹೋಯಿತು. ಅವರ ಜೊತೆಗಿದ್ದವರು ಜೇಮ್ಸ್ ವೈನ್ ಮತ್ತು ಸ್ಯಾಮ್ಯುಯೆಲ್ ಬ್ಲಮ್. ಆಮೇಲೆ ಸ್ಟೀಫನ್ ಟ್ರೋಕೆಲ್ ಎಂಬ ಕಣ್ಣಿನ ವೈದ್ಯರು ಇದನ್ನು ಕಣ್ಣಿಗೆ ಬಳಸಬಹುದು ಅಂತ ಕಂಡುಕೊಂಡರು. 2013ರಲ್ಲಿ ಒಬಾಮ ಅವರು ಶ್ವೇತಭವನದಲ್ಲಿ ಆ ಮೂವರು ಐಬಿಎಂ ವಿಜ್ಞಾನಿಗಳ ಸಾಧನೆಗೆ ರಾಷ್ಟ್ರೀಯ ಪದಕ ಕೊಟ್ಟರು.

ಕೆಲಸ ಆಗೋದು ಹೇಗೆ? ನಮ್ಮ ಕಣ್ಣಿನ ಮುಂದಿನ ಗಾಜಿನಂಥ ಪದರ ಕಾರ್ನಿಯಾ. ಬೆಳಕನ್ನು ಬಗ್ಗಿಸುವ ಕೆಲಸದಲ್ಲಿ ಮೂರರಲ್ಲಿ ಎರಡು ಪಾಲು ಇದರದೇ. ಇದರ ದಪ್ಪ ನಡುಭಾಗದಲ್ಲಿ ಸುಮಾರು ಅರ್ಧ ಮಿಲಿಮೀಟರ್, ಅಷ್ಟೇ. ಲೇಸಿಕ್‌ನಲ್ಲಿ ಅದರ ಮೇಲ್ಪದರವನ್ನು ಪುಸ್ತಕದ ಹಾಳೆಯ ಥರ ಎತ್ತಿ, ಒಳಗೆ ಲೇಸರ್‌ನಿಂದ ಆಕಾರ ಕೆತ್ತಿ, ಹಾಳೆಯನ್ನು ಮತ್ತೆ ಮುಚ್ಚುತ್ತಾರೆ. ಒಂದು ಪಾಯಿಂಟ್ ಪವರ್ ಇಳಿಸೋಕೆ ಹೆಚ್ಚೂ ಕಡಿಮೆ ಹನ್ನೆರಡರಿಂದ ಹದಿನೈದು ಮೈಕ್ರಾನ್ ಕೆತ್ತಬೇಕು. ಅಂದ್ರೆ ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿ, ಅದರಲ್ಲಿ ಹನ್ನೆರಡು ಹದಿನೈದು ಭಾಗ. ಇಷ್ಟು ಸೂಕ್ಷ್ಮ ಕೆಲಸ. ಲಕ್ಷಾಂತರ ಜನ ಕನ್ನಡಕ ಬಿಟ್ಟು ಸಂತೋಷವಾಗಿದ್ದಾರೆ. ನನ್ನ ಆಫೀಸಿನಲ್ಲೇ ಇಬ್ಬರು ಇದ್ದಾರೆ. ಕೆತ್ತಿದ್ದು ಮಾತ್ರ ವಾಪಸ್ ಬರಲ್ಲ. ಅದನ್ನು ನೆನಪಿಟ್ಟುಕೊಳ್ಳಿ.

ಇನ್ನೊಂದು ವಿಷಯ ನೆನಪಿರಲಿ. ನಮ್ಮ ಡಾಕ್ಟರ್ ಎಂ.ಸಿ. ಮೋದಿ ಅವರನ್ನು ಹಿರಿಯರು ಮರೆತಿರಲ್ಲ. ಊರೂರಿಗೆ ಹೋಗಿ ಕ್ಯಾಂಪ್ ಹಾಕಿ, ಸಾಲಾಗಿ ಮಲಗಿಸಿ, ಕಣ್ಣಿನ ಪೊರೆ ತೆಗೆದವರು. ಅಲ್ಲಿ ಯಶಸ್ಸು ಅಂದ್ರೆ ಏನು ಅಂತ ಯಾರಿಗೂ ವಿವರಿಸಬೇಕಾಗಿರಲಿಲ್ಲ. ಅಜ್ಜಿಗೆ ಮೊಮ್ಮಗನ ಮುಖ ಕಾಣ್ತಿರಲಿಲ್ಲ, ಪಟ್ಟಿ ಬಿಚ್ಚಿದ ಮೇಲೆ ಕಂಡಿತು. ಆದರೆ ಲೇಸಿಕ್‌ಗೆ ಬರುವವರು ಕುರುಡರಲ್ಲ ಸ್ವಾಮಿ. ಕನ್ನಡಕ ಹಾಕಿದರೆ ಚೆನ್ನಾಗಿಯೇ ಕಾಣುವವರು. ಕತ್ತಲೆಯಿಂದ ಬೆಳಕಿಗೆ ಬಂದರೆ ನೂರು ರೂಪಾಯಿ ಲಾಭ. ಈಗಾಗಲೇ ಬೆಳಕಿನಲ್ಲಿರುವವರು ಒಂದು ಅನುಕೂಲಕ್ಕಾಗಿ ಆರೋಗ್ಯವಾಗಿರುವ ಕಣ್ಣನ್ನು ಕೆತ್ತಿಸಿಕೊಳ್ಳುವಾಗ ಲೆಕ್ಕ ಬೇರೆ. ಹಾಗಾಗಿ ಪ್ರಶ್ನೆಗಳೂ ಬೇರೆಯಾಗಬೇಕು.

ಈಗ ಆ ತೊಂಬತ್ತೆಂಟಕ್ಕೆ ಬರ್ತೀನಿ.

ಮೊದಲ ಪ್ರಶ್ನೆ. ಯಶಸ್ಸು ಅಂದ್ರೆ ಏನು? ಬೋರ್ಡಿನ ಯಾವ ಸಾಲು? ಸಾಮಾನ್ಯ ದೃಷ್ಟಿಯನ್ನು ನಮ್ಮಲ್ಲಿ 6/6 ಅಂತಾರೆ, ಅಮೆರಿಕದವರು 20/20 ಅಂತಾರೆ. ಅದಕ್ಕಿಂತ ಸಾಕಷ್ಟು ಮೇಲಿನ, ದೊಡ್ಡ ಅಕ್ಷರದ ಸಾಲು 6/12. ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ಡ್ರೈವಿಂಗ್ ಲೈಸೆನ್ಸಿಗೆ ಅಷ್ಟು ಸಾಕು. ಹಲವು ಅಧ್ಯಯನಗಳಲ್ಲಿ ಗೆದ್ದವರ ಲೆಕ್ಕ ಹಾಕೋದು ಈ 6/12 ಸಾಲಿನಿಂದ. ತೊಂಬತ್ತೆಂಟು ಜನ 6/12 ಓದಿದರು ಅನ್ನೋದೇ ಬೇರೆ, ತೊಂಬತ್ತೆಂಟು ಜನ 6/6 ಓದಿದರು ಅನ್ನೋದೇ ಬೇರೆ. ಜಾಹೀರಾತಿನಲ್ಲಿ ಸಾಲು ಇರಲ್ಲ, ಸಂಖ್ಯೆ ಮಾತ್ರ ಇರುತ್ತೆ. ಪಿಯುಸಿ ಫಲಿತಾಂಶ ಶೇಕಡಾ ನೂರು ಅಂತ ಕಾಲೇಜಿನ ಮುಂದೆ ಫ್ಲೆಕ್ಸ್ ಹಾಕ್ತಾರಲ್ಲ, ನೂರಕ್ಕೆ ನೂರು ಪಾಸ್ ಅಂತ. ಮೂವತ್ತೈದು ತೆಗೆದವನೂ ಅದರಲ್ಲಿದ್ದಾನೆ, ತೊಂಬತ್ತೈದು ತೆಗೆದವಳೂ ಇದ್ದಾಳೆ. ಇದೂ ಹಾಗೇ.

ಅದೂ ಅಲ್ಲದೆ ಬೋರ್ಡ್ ಓದಿಸೋದು ಬೆಳಕಿರುವ ಕೋಣೆಯಲ್ಲಿ, ಬಿಳಿ ಹಿನ್ನೆಲೆಯ ಮೇಲೆ ಕಪ್ಪು ಅಕ್ಷರ. ನಮ್ಮ ಕ್ಯಾಬ್ ಚಾಲಕರ ಬದುಕು ನಡೆಯೋದು ಕತ್ತಲಲ್ಲಿ. ಕತ್ತಲಲ್ಲಿ ಕಣ್ಣಿನ ಪಾಪೆ ಅಗಲವಾಗುತ್ತೆ. ಆಗ ಲೇಸರ್ ಕೆತ್ತಿದ ಭಾಗದ ಅಂಚಿನಿಂದಲೂ ಬೆಳಕು ಒಳಗೆ ಹೋಗುತ್ತೆ. ಬಳೆ ಕಾಣೋದು, ಕಿರಣ ಒಡೆಯೋದು ಹೀಗೆ. ಇದು ಬೋರ್ಡಿನಲ್ಲಿ ಸಿಗಲ್ಲ. ಕೇಳಿದರೆ ಮಾತ್ರ ಸಿಗುತ್ತೆ.

ಎರಡನೇ ಪ್ರಶ್ನೆ. ಕೇಳಿದವರು ಯಾರು? ಇದಕ್ಕೆ ಒಂದು ಒಳ್ಳೆಯ ಅಧ್ಯಯನವೇ ಇದೆ. ಅಮೆರಿಕದ ಎಫ್‌ಡಿಎ, ಅಂದ್ರೆ ಔಷಧ ಮತ್ತು ವೈದ್ಯಕೀಯ ಉಪಕರಣಗಳಿಗೆ ಒಪ್ಪಿಗೆ ಕೊಡುವ ಸರ್ಕಾರಿ ಸಂಸ್ಥೆ, ಅಲ್ಲಿನ ರಾಷ್ಟ್ರೀಯ ನೇತ್ರ ಸಂಸ್ಥೆ ಮತ್ತು ರಕ್ಷಣಾ ಇಲಾಖೆಯ ಜೊತೆ ಸೇರಿ 2009ರಲ್ಲಿ ಒಂದು ಯೋಜನೆ ಶುರು ಮಾಡಿತು. ಹೆಸರು ಪ್ರೌಲ್. ನೌಕಾಪಡೆ ಆಸ್ಪತ್ರೆಯಲ್ಲಿ 262 ಜನ ಯೋಧರು, ಐದು ಬೇರೆ ಕೇಂದ್ರಗಳಲ್ಲಿ 312 ಜನ ನಾಗರಿಕರು. ಆಪರೇಷನ್‌ಗೆ ಮೊದಲೂ ಪ್ರಶ್ನಾವಳಿ, ನಂತರವೂ ಪ್ರಶ್ನಾವಳಿ. ಡಾಕ್ಟರು ಎದುರಿಗೆ ಕೂತು ಕೇಳೋದಲ್ಲ, ರೋಗಿ ತಾನೇ ತುಂಬೋದು. ವಿವರವಾದ ಫಲಿತಾಂಶ 2017ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬಂತು.

ಅದರಲ್ಲಿ ನನ್ನ ಕಣ್ಣು ತೆರೆಸಿದ ಒಂದು ಸಾಲಿದೆ. ದೃಷ್ಟಿಯ ತೊಂದರೆಗಳನ್ನು ಜನ ಡಾಕ್ಟರಿಗೆ ಹೇಳಿದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಪ್ರಶ್ನಾವಳಿಯಲ್ಲಿ ಬರೆದಿದ್ದರು! ಅಂದ್ರೆ ಏನು? ಎದುರಿಗೆ ಕೂತ ಡಾಕ್ಟರಿಗೆ ಜನ ಪೂರ್ತಿ ಹೇಳಲ್ಲ. ಅಮೆರಿಕದವರೇ ಹೇಳಲ್ಲ ಅಂದ ಮೇಲೆ, ಬೆನ್ನು ತಟ್ಟಿಸಿಕೊಂಡ ನಮ್ಮ ಚಾಲಕ ಹೇಳ್ತಾರಾ? ನಾವು ದೊಡ್ಡ ಡಾಕ್ಟರ ಮುಂದೆ ಎದ್ದು ನಿಂತು ಕೈ ಮುಗಿದು ಬರುವ ಜನ. ನನ್ನ ಹತ್ತಿರ ಆಪರೇಷನ್ ಮಾಡಿಸಿಕೊಂಡವರು ಯಾರೂ ದೂರಿಲ್ಲ ಅಂತ ಒಬ್ಬ ಡಾಕ್ಟರು ಹೇಳಿದರೆ, ಅವರು ಪ್ರಾಮಾಣಿಕವಾಗಿಯೇ ಹೇಳ್ತಿರಬಹುದು. ಆದರೂ ಅದು ಪೂರ್ತಿ ಚಿತ್ರ ಅಲ್ಲ.

ಮೂರನೇ ಪ್ರಶ್ನೆ ನಮಗೆ, ಮಾಧ್ಯಮದವರಿಗೆ. ಒಂದೇ ವರದಿಯಿಂದ ಯಾವ ತಲೆಬರಹ ಕೊಡ್ತೀವಿ? ಈ ಪ್ರೌಲ್ ಅಧ್ಯಯನವನ್ನೇ ತಗೊಳ್ಳಿ. ದೃಷ್ಟಿಯ ಬಗ್ಗೆ ಅತೃಪ್ತಿ ಅಂದವರು ನೂರಕ್ಕೆ ನಾಲ್ಕನ್ನು ದಾಟಲಿಲ್ಲ. ಹಾಗಾಗಿ ಒಬ್ಬ ಸಂಪಾದಕ ಬರೀತಾನೆ: "ಲೇಸಿಕ್ ಭರ್ಜರಿ ಯಶಸ್ಸು, ಶೇಕಡಾ 95ಕ್ಕೂ ಹೆಚ್ಚು ಜನ ಖುಷ್". ಅದೇ ಅಧ್ಯಯನದಲ್ಲಿ ಇನ್ನೊಂದು ಅಂಕಿ ಇದೆ. ಮೊದಲು ಬಳೆ, ಪ್ರಭೆ, ಎರಡೆರಡು ಕಾಣೋದು ಇಂಥ ಯಾವ ತೊಂದರೆಯೂ ಇಲ್ಲದಿದ್ದವರಲ್ಲಿ, ಮೂರು ತಿಂಗಳಾದ ಮೇಲೆ ಯೋಧರಲ್ಲಿ ಶೇಕಡಾ 43, ನಾಗರಿಕರಲ್ಲಿ ಶೇಕಡಾ 46 ಮಂದಿಗೆ ಹೊಸದಾಗಿ ಏನಾದರೊಂದು ತೊಂದರೆ ಕಾಣಿಸಿಕೊಂಡಿತ್ತು. ಕಣ್ಣು ಒಣಗುವ ತೊಂದರೆ ಇಲ್ಲದವರಲ್ಲಿ ಶೇಕಡಾ 28ರ ಹತ್ತಿರ ಜನಕ್ಕೆ ಅದು ಹೊಸದಾಗಿ ಬಂದಿತ್ತು. ಇನ್ನೊಬ್ಬ ಸಂಪಾದಕ ಬರೀತಾನೆ: "ಲೇಸಿಕ್ ಮಾಡಿಸಿಕೊಂಡ ಅರ್ಧಕ್ಕರ್ಧ ಜನಕ್ಕೆ ಕಣ್ಣಿನ ತೊಂದರೆ! ಬೆಚ್ಚಿಬೀಳಿಸುವ ವರದಿ!"

ಎರಡರಲ್ಲಿ ಯಾವುದು ಸುಳ್ಳು? ಮೊದಲನೆಯದು ಅಂಕಿಯಲ್ಲಿ ಸರಿ, ಆದರೆ ಅರ್ಧ ಮುಚ್ಚಿಟ್ಟಿದೆ. ಎರಡನೆಯದು ಪದ ಬದಲಿಸಿದೆ. "ಮೊದಲು ತೊಂದರೆ ಇಲ್ಲದವರಲ್ಲಿ" ಅನ್ನೋ ಮಾತನ್ನು ನುಂಗಿಬಿಟ್ಟಿದೆ. ಯಾಕಂದ್ರೆ ಕನ್ನಡಕ, ಲೆನ್ಸ್ ಹಾಕುತ್ತಿದ್ದಾಗಲೇ ಬಹಳ ಜನಕ್ಕೆ ಇಂಥ ತೊಂದರೆ ಇತ್ತು. ಅವರಲ್ಲಿ ಎಷ್ಟೋ ಜನಕ್ಕೆ ಆಪರೇಷನ್ ಆದ ಮೇಲೆ ಕಡಿಮೆಯಾಗಿದೆ. ಎಲ್ಲರನ್ನೂ ಸೇರಿಸಿದರೆ ತೊಂದರೆ ಇರುವವರ ಒಟ್ಟು ಪ್ರಮಾಣ ಇಳಿದಿದೆ, ಏರಿಲ್ಲ. ಆ ತೊಂದರೆಗಳಿಂದ ದಿನನಿತ್ಯದ ಕೆಲಸಕ್ಕೇ ಬಹಳ ಕಷ್ಟವಾಗ್ತಿದೆ ಅಂದವರು ನೂರಕ್ಕೆ ಒಬ್ಬರಿಗಿಂತ ಕಡಿಮೆ.

ನೋಡಿ, ಸತ್ಯ ಎರಡೂ ತಲೆಬರಹಗಳಿಗಿಂತ ಉದ್ದ ಇದೆ. ಸ್ಕ್ರೀನ್ ಕೆಳಗಿನ ಪಟ್ಟಿಯಲ್ಲಿ ಏಳೆಂಟು ಪದ ಹಿಡಿಸುತ್ತೆ. ಸತ್ಯಕ್ಕೆ ಮೂವತ್ತು ಪದ ಬೇಕು. ಆ ಇಪ್ಪತ್ತೆರಡು ಪದ ಎಲ್ಲಿ ಹೋಯ್ತು ಅಂತ ಕೇಳೋದು ನಿಮ್ಮ ಹಕ್ಕು.

ಅಷ್ಟೇ ಅಲ್ಲ, ನೂರಕ್ಕೆ ಒಬ್ಬರಿಗಿಂತ ಕಡಿಮೆ ಅನ್ನೋದನ್ನೂ ಎರಡೂ ಕಡೆಯಿಂದ ನೋಡಿ. ನಿಮ್ಮೊಬ್ಬರಿಗೆ ಅದು ಸಣ್ಣ ಸಾಧ್ಯತೆ. ಆದರೆ ಲಕ್ಷ ಜನಕ್ಕೆ ಆಪರೇಷನ್ ಆದರೆ, ನೂರಕ್ಕೆ ಒಂದು ಅಂದ್ರೆ ಸಾವಿರ ಜನ. ಆ ಸಾವಿರ ಜನ ಒಂದು ಕಡೆ ಸೇರಿದರೆ ಒಂದು ಕಲ್ಯಾಣ ಮಂಟಪ ತುಂಬುತ್ತೆ. ಅವರ ಕಥೆ ಮಾತ್ರ ತೋರಿಸಿದರೆ ಲೇಸಿಕ್ ಅನ್ನೋದು ಭೂತ. ಉಳಿದ ತೊಂಬತ್ತೊಂಬತ್ತು ಸಾವಿರ ಜನರನ್ನು ಮಾತ್ರ ತೋರಿಸಿದರೆ ಅದು ಪವಾಡ. ಎರಡೂ ಅಲ್ಲ.

ನಾವು ಟಿವಿಯವರು ಈ ಭೂತದ ಕಡೆಯಲ್ಲೂ ತಪ್ಪು ಮಾಡ್ತೀವಿ. 2018ರ ಕೊನೆಯಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ನಮ್ಮದೇ ವೃತ್ತಿಯ ಒಬ್ಬ ಹೆಣ್ಣುಮಗಳು, ಹವಾಮಾನ ವರದಿ ಓದುತ್ತಿದ್ದವರು, ಕಣ್ಣಿನ ಲೇಸರ್ ಶಸ್ತ್ರಚಿಕಿತ್ಸೆಯಾದ ಕೆಲವೇ ವಾರಗಳಲ್ಲಿ ಪ್ರಾಣ ಕಳೆದುಕೊಂಡರು. ಚಿಕಿತ್ಸೆಯ ನಂತರದ ನರಳಾಟವೇ ಕಾರಣ ಅಂತ ಮನೆಯವರು ಹೇಳಿದರು. ಲೋಕವೆಲ್ಲ ಸುದ್ದಿಯಾಯ್ತು. ಎಷ್ಟೋ ಕಡೆ ಲೇಸಿಕ್ ಅಂತಲೇ ಬರೆದರು. ಅವರು ಮಾಡಿಸಿಕೊಂಡಿದ್ದು ಲೇಸಿಕ್ ಅಲ್ಲ, ಸ್ಮೈಲ್ ಎಂಬ ಬೇರೆ ವಿಧಾನ. ಒಂದು ಸಾವಿನಿಂದ ಕಾರಣ ಸಾಬೀತಾಗಲ್ಲ. ಹಾಗಂತ ಆ ಕುಟುಂಬದ ಮಾತನ್ನು ತಳ್ಳಿಹಾಕುವ ಹಕ್ಕೂ ನಮಗಿಲ್ಲ. ಆಪರೇಷನ್ ಆದ ಮೇಲೆ ನೋವು, ಬೇಸರ ತಡೆಯೋಕೆ ಆಗ್ತಿಲ್ಲ ಅಂತ ಯಾರಾದರೂ ಹೇಳಿದರೆ ಬೋರ್ಡ್ ತೋರಿಸಿ ಸುಮ್ಮನಾಗಿಸಬೇಡಿ, ಕೂತು ಕೇಳಿ. ಅಂಥ ಸಮಯದಲ್ಲಿ ಮನಸ್ಸಿಗೂ ವೈದ್ಯರು ಬೇಕು.

ನಾಲ್ಕನೇ ಪ್ರಶ್ನೆ. ಯಾವಾಗಿನ ಲೆಕ್ಕ? ಲೇಸಿಕ್‌ಗಿಂತ ಮೊದಲು ರೇಡಿಯಲ್ ಕೆರಟಾಟಮಿ ಅಂತ ಒಂದು ವಿಧಾನ ಇತ್ತು. 1970ರ ದಶಕದಲ್ಲಿ ಸೋವಿಯತ್ ಒಕ್ಕೂಟದ ಡಾಕ್ಟರ್ ಫ್ಯೋದರೋವ್ ಅದನ್ನು ಜನಪ್ರಿಯ ಮಾಡಿದರು. ಕಾರ್ನಿಯಾದ ಮೇಲೆ ಚಾಕುವಿನಿಂದ ಸೈಕಲ್ ಚಕ್ರದ ಕಡ್ಡಿಗಳ ಥರ ಗೀರು ಹಾಕೋದು. ಕನ್ನಡಕ ಹೋಯ್ತು ಅಂತ ಜನ ಕುಣಿದರು. ಅಮೆರಿಕದಲ್ಲಿ ಇದನ್ನು ಹತ್ತು ವರ್ಷ ಹಿಂಬಾಲಿಸಿ ನೋಡಿದ ಅಧ್ಯಯನದ ಫಲಿತಾಂಶ 1994ರಲ್ಲಿ ಬಂತು. ಹತ್ತು ವರ್ಷದ ನಂತರವೂ ಶೇಕಡಾ 85 ಕಣ್ಣುಗಳು ಕನ್ನಡಕವಿಲ್ಲದೆ ಆ 6/12 ಸಾಲು ಓದುತ್ತಿದ್ದವು. ಭೇಷ್ ಅನ್ನಬಹುದು. ಆದರೆ ಅದೇ ಅಧ್ಯಯನದಲ್ಲಿ, ಆರನೇ ತಿಂಗಳಿಂದ ಹತ್ತನೇ ವರ್ಷದ ಒಳಗೆ ಶೇಕಡಾ 43 ಕಣ್ಣುಗಳ ಪವರ್ ಒಂದು ಪಾಯಿಂಟ್ ಅಥವಾ ಅದಕ್ಕಿಂತ ಹೆಚ್ಚು ಪ್ಲಸ್ ಕಡೆಗೆ ಜರುಗಿತ್ತು. ಆರು ತಿಂಗಳಿಗೆ ಲೆಕ್ಕ ಮುಗಿಸಿದ್ದರೆ ಇದು ಯಾರಿಗೂ ಗೊತ್ತಾಗ್ತಿರಲಿಲ್ಲ.

ಲೇಸಿಕ್ ಆ ಥರದ್ದಲ್ಲ, ಅದಕ್ಕಿಂತ ಎಷ್ಟೋ ಸ್ಥಿರ. ಅವರ ಪಾಪ ಇವರ ತಲೆಗೆ ಕಟ್ಟೋದು ಬೇಡ. ಪಾಠ ಮಾತ್ರ ಒಂದೇ. ಮದುವೆ ಚೆನ್ನಾಗಾಯ್ತು ಅನ್ನೋದನ್ನ ಬೀಗರ ಊಟದ ದಿನ ಹೇಳೋಕಾಗಲ್ಲ. "ನಿನ್ನೆ ಮಾಡಿಸಿದೆ, ಇವತ್ತು ನೋಡಿ ಎಷ್ಟು ಕ್ಲಿಯರ್" ಅಂತ ಒಬ್ಬ ನಟಿ ವಿಡಿಯೋ ಹಾಕಿದರೆ ನನ್ನ ಪ್ರಶ್ನೆ ಎರಡೇ. ತಾಯಿ, ದುಡ್ಡು ನೀವು ಕೊಟ್ಟಿರಾ, ಅವರು ಕೊಟ್ಟರಾ? ಮುಂದಿನ ವರ್ಷವೂ ಒಂದು ವಿಡಿಯೋ ಹಾಕ್ತೀರಾ?

ಐದನೇ ಪ್ರಶ್ನೆ. ಯಾರನ್ನು ಲೆಕ್ಕದಿಂದ ಹೊರಗಿಟ್ಟಿದ್ದಾರೆ? ಕಾರ್ನಿಯಾ ತೆಳುವಾಗಿರುವವರು, ಅದು ಶಂಕುವಿನ ಥರ ಉಬ್ಬುವ ಕೆರಟೋಕೋನಸ್ ಲಕ್ಷಣ ಇರುವವರು, ಮೊದಲೇ ಕಣ್ಣು ತುಂಬಾ ಒಣಗುವವರು, ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಪವರ್ ಇನ್ನೂ ಏರುತ್ತಿರುವ ಹುಡುಗರು. ಇವರಿಗೆಲ್ಲ ಮಾಡಬಾರದು, ಅಥವಾ ಕಾಯಬೇಕು. ಒಳ್ಳೆಯ ಫಲಿತಾಂಶ ಬರೋದೇ ಇವರನ್ನು ಸರಿಯಾಗಿ ಬೇರ್ಪಡಿಸಿದಾಗ. ಅಂದ್ರೆ ಆ ತೊಂಬತ್ತೆಂಟು "ನಿಮ್ಮಂಥ ನೂರು ಜನರಲ್ಲಿ" ಅಂತ ಆಗಬೇಕಾದರೆ, ಮೊದಲು ನಿಮ್ಮನ್ನೂ ಅಷ್ಟೇ ಕಟ್ಟುನಿಟ್ಟಾಗಿ ಪರೀಕ್ಷೆ ಮಾಡಿರಬೇಕು. "ಇವತ್ತೇ ಬನ್ನಿ, ಇವತ್ತೇ ಆಪರೇಷನ್, ಹಬ್ಬದ ಆಫರ್" ಅನ್ನೋ ಕಡೆ ಆ ಪರೀಕ್ಷೆಗೆ ಸಮಯ ಎಲ್ಲಿದೆ? ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಅಳತೆ ಕೊಡೋ ಮೊದಲು ಅದನ್ನು ವಾರಗಟ್ಟಲೆ ಬಿಟ್ಟಿರಬೇಕು, ಯಾಕಂದ್ರೆ ಲೆನ್ಸ್ ಕಾರ್ನಿಯಾದ ಆಕಾರವನ್ನೇ ಸ್ವಲ್ಪ ಬದಲಿಸಿರುತ್ತೆ.

ಆಫರ್ ಅಂದಾಗ ನೆನಪಾಯ್ತು. ಅಮೆರಿಕದಲ್ಲಿ ಒಂದು ದೊಡ್ಡ ಸರಪಳಿ ಸಂಸ್ಥೆ ಬರೀ 250 ಡಾಲರಿಗೆ ಲೇಸಿಕ್ ಅಂತ ಜಾಹೀರಾತು ಕೊಡ್ತಿತ್ತು. ಅಲ್ಲಿನ ವ್ಯಾಪಾರ ಆಯೋಗ ತನಿಖೆ ಮಾಡಿ 2023ರ ಜನವರಿಯಲ್ಲಿ ಹೇಳಿದ್ದೇನು ಗೊತ್ತಾ? ಆ ಜಾಹೀರಾತು ನೋಡಿ ಬಂದವರಲ್ಲಿ ಎರಡೂ ಕಣ್ಣಿಗೆ ಆ ಬೆಲೆ ಸಿಕ್ಕಿದ್ದು ಶೇಕಡಾ 6.5 ಜನಕ್ಕೆ ಮಾತ್ರ. ಉಳಿದವರಿಗೆ ಹೇಳ್ತಿದ್ದ ಬೆಲೆ ಸಾಮಾನ್ಯವಾಗಿ ಒಂದೊಂದು ಕಣ್ಣಿಗೆ 1,800ರಿಂದ 2,295 ಡಾಲರ್. ಆ 250ರ ಪಕ್ಕ ಒಂದು ಸಣ್ಣ ನಕ್ಷತ್ರ ಚಿಹ್ನೆ ಇರುತ್ತಲ್ಲ, ಆ ಕಥೆ ಇದು. ನಮ್ಮಲ್ಲಿ? 2002ರ ವೈದ್ಯಕೀಯ ನೀತಿ ನಿಯಮಗಳ ಪ್ರಕಾರ, ಡಾಕ್ಟರಾಗಲಿ ಸಂಸ್ಥೆಯಾಗಲಿ ನೇರವಾಗಿ ಅಥವಾ ಬಳಸುದಾರಿಯಿಂದ ರೋಗಿಗಳನ್ನು ಸೆಳೆಯುವಂತಿಲ್ಲ. ನಮ್ಮ ಭಾನುವಾರದ ಅರ್ಧ ಗಂಟೆ ಏನಾಗಿತ್ತು ಸ್ವಾಮಿ? ಅದೇ ಬಳಸುದಾರಿ. ಆ ದಾರಿಗೆ ಟಾರು ಹಾಕಿದವನು ನಾನು.

ಇನ್ನೊಂದೆರಡು ಪದಗಳ ಬಗ್ಗೆ ಹುಷಾರಾಗಿರಿ. "ಎಫ್‌ಡಿಎ ಅನುಮೋದಿತ" ಅಂತ ದೊಡ್ಡದಾಗಿ ಬರೆದಿರುತ್ತೆ. ಎಫ್‌ಡಿಎ ಒಪ್ಪಿಗೆ ಕೊಡೋದು ಯಂತ್ರಕ್ಕೆ. ಆ ಆಸ್ಪತ್ರೆಗಲ್ಲ, ಯಂತ್ರ ಹಿಡಿದ ಕೈಗಲ್ಲ, ನಿಮ್ಮ ಕಣ್ಣಿಗಂತೂ ಅಲ್ಲವೇ ಅಲ್ಲ. "ಬ್ಲೇಡ್ ಇಲ್ಲ", "ಫ್ಲಾಪ್ ಇಲ್ಲ", "ಹೊಚ್ಚ ಹೊಸ ತಂತ್ರಜ್ಞಾನ" ಇವೆಲ್ಲ ಉಪಕರಣದ ವರ್ಣನೆ. ನಿಮ್ಮ ಫಲಿತಾಂಶದ ಭರವಸೆ ಅಲ್ಲ. ಆಮೇಲೆ, "ಜೀವನಪರ್ಯಂತ ಕನ್ನಡಕ ಬೇಡ". ಇದು ನೆಟ್ಟಗೆ ಸುಳ್ಳು. ನಲವತ್ತು ದಾಟಿದ ಮೇಲೆ ಪೇಪರ್ ಓದೋಕೆ ಬೇಕಾಗುವ ಕನ್ನಡಕ ಬರೋದು ಕಣ್ಣಿನ ಒಳಗಿನ ಮಸೂರ ಬಿಗಿಯಾಗೋದರಿಂದ. ಕಾರ್ನಿಯಾ ಕೆತ್ತಿದರೆ ಅದು ನಿಲ್ಲಲ್ಲ.

ಇದರಿಂದಲೇ ವಾಟ್ಸ್ಯಾಪಿನ ಒಂದು ಜಾಣ ಪ್ರಶ್ನೆಗೂ ಉತ್ತರ ಸಿಗುತ್ತೆ: "ಲೇಸರ್ ಅಷ್ಟು ಒಳ್ಳೇದಾದ್ರೆ ಕಣ್ಣಿನ ಡಾಕ್ಟರು ಯಾಕೆ ಕನ್ನಡಕ ಹಾಕ್ಕೋತಾರೆ?" ಕೇಳೋಕೆ ಭಾರೀ ಚೆನ್ನಾಗಿದೆ. ಆದರೆ ಐವತ್ತು ವರ್ಷದ ಡಾಕ್ಟರ ಮೂಗಿನ ಮೇಲಿರೋದು ಓದುವ ಕನ್ನಡಕ ಇರಬಹುದು. ಅವರ ಕಾರ್ನಿಯಾ ಇದಕ್ಕೆ ಒಗ್ಗದೇ ಇರಬಹುದು. ಈ ಆಪರೇಷನ್ ಮಾಡುವ ಸರ್ಜನ್‌ಗಳಲ್ಲೇ ಬಹಳಷ್ಟು ಜನ ತಾವೂ ಮಾಡಿಸಿಕೊಂಡಿದ್ದಾರೆ. ಜಾಹೀರಾತನ್ನು ಅನುಮಾನಿಸುವ ನೀವು ಈ ಫಾರ್ವರ್ಡ್ ಸಂದೇಶವನ್ನೂ ಅಷ್ಟೇ ಅನುಮಾನಿಸಿ.

ಕೊನೆಗೆ ಮನೆಯ ಒಂದು ವಿಷಯ. ನನ್ನ ತಂಗಿಯ ಮಗಳಿಗೆ ಇಪ್ಪತ್ಮೂರು. ಹೆಣ್ಣು ನೋಡೋಕೆ ಬಂದವರ ಕಡೆ ಯಾರೋ "ಹುಡುಗಿ ಲಕ್ಷಣವಾಗಿದ್ದಾಳೆ, ಆದರೆ ಕನ್ನಡಕ" ಅಂದರಂತೆ. ಆ "ಆದರೆ" ಅನ್ನೋ ಒಂದು ಪದ ಆ ಮಗುವನ್ನು ನನ್ನ ಮುಂದೆ ತಂದು ಕೂರಿಸಿತು. ಮಾಮ, ಮಾಡಿಸಿಕೊಳ್ಳಲಾ ಅಂತ ಕೇಳಿದಳು. ನೀನೇ ಟಿವಿಯಲ್ಲಿ ಹೇಳಿದ್ದೆಯಲ್ಲ ಅಂತಲೂ ಅಂದಳು.

ಬೇಡ ಅನ್ನಲಿಲ್ಲ, ಹೂಂ ಅನ್ನಲೂ ಇಲ್ಲ. ಒಂದು ಚೀಟಿ ಬರೆದುಕೊಟ್ಟೆ. ನನ್ನ ಕಾರ್ನಿಯಾ ಎಷ್ಟು ದಪ್ಪ, ಕೆತ್ತಿದ ಮೇಲೆ ಎಷ್ಟು ಉಳಿಯುತ್ತೆ? ಅದರ ಆಕಾರದ ನಕ್ಷೆ ಸರಿ ಇದೆಯಾ? ಒಂದು ವರ್ಷದಿಂದ ನನ್ನ ಪವರ್ ನಿಂತಿದೆಯಾ? ನನ್ನ ಕಣ್ಣೀರು ಪರೀಕ್ಷೆ ಮಾಡಿದಿರಾ? ಕತ್ತಲಲ್ಲಿ ನನ್ನ ಪಾಪೆ ಎಷ್ಟು ಅಗಲ? ನನ್ನಂಥ ಪವರ್ ಇರುವವರಲ್ಲಿ ಎಷ್ಟು ಜನಕ್ಕೆ ಎರಡನೇ ಸಲ ಸರಿಪಡಿಸಬೇಕಾಯ್ತು? ತೊಂದರೆ ಬಂದರೆ ನೋಡೋದು ನೀವೋ, ಕೌಂಟರಿನ ಹುಡುಗಿಯೋ? ಇಷ್ಟು ಕೇಳಿ ಬಾ. ಮಾರ್ಕೆಟಿಂಗ್‌ನವರ ಹತ್ತಿರ ಅಲ್ಲ, ಕತ್ತಿ ಹಿಡಿಯುವವರ ಹತ್ತಿರ ಕೇಳು ಅಂದೆ.

ಹೋದಳು. ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, ಎರಡು ವಾರ ಬಿಟ್ಟು ಮತ್ತೆ ಕರೆದು, ಇನ್ನೊಮ್ಮೆ ನಕ್ಷೆ ತೆಗೆದು ಹೇಳಿದರಂತೆ: "ನಿನ್ನ ಕಾರ್ನಿಯಾ ನನಗೆ ಒಪ್ಪಿಗೆಯಾಗ್ತಿಲ್ಲಮ್ಮ. ಕನ್ನಡಕವೇ ಇರಲಿ." ಅವರಿಗೆ ಒಂದು ಆಪರೇಷನ್ನಿನ ದುಡ್ಡು ಹೋಯ್ತು. ನನಗೆ ಒಬ್ಬ ಡಾಕ್ಟರ ಮೇಲೆ ನಂಬಿಕೆ ಬಂತು. ಆ "ಬೇಡಮ್ಮ" ಅನ್ನೋ ಮಾತು ಯಾವ ಜಾಹೀರಾತಿನಲ್ಲೂ ಬರಲ್ಲ, ಯಾವ ಶೇಕಡಾ ಲೆಕ್ಕದಲ್ಲೂ ಸೇರಲ್ಲ. ನನ್ನ ಪ್ರಕಾರ ಕಣ್ಣಾಸ್ಪತ್ರೆಯೊಂದರ ನಿಜವಾದ ಯಶಸ್ಸಿನಲ್ಲಿ ಅದೂ ಸೇರಬೇಕು. ಮಗಳು ಕನ್ನಡಕದಲ್ಲೇ ಇದ್ದಾಳೆ. "ಆದರೆ" ಅಂದವರು ಬೇರೆ ಮನೆ ನೋಡಿಕೊಂಡರು. ಒಳ್ಳೇದೇ ಆಯ್ತು.

ಆ ರಾತ್ರಿ ಕ್ಯಾಬ್ ಇಳಿಯುವಾಗ ನಾನು ಚಾಲಕರನ್ನು ಒಂದು ಮಾತು ಕೇಳಿದ್ದೆ. ಈಗ ನಾನು ಮತ್ತೆ ಟಿವಿಯಲ್ಲಿ ಈ ವಿಷಯ ಮಾತಾಡಿದರೆ ಏನು ಹೇಳಲಿ ಅಂತ. ಅವರು ಮೀಟರ್ ನಿಲ್ಲಿಸಿ ಸ್ವಲ್ಪ ಯೋಚನೆ ಮಾಡಿದರು. "ಮಾಡಿಸ್ಬೇಡಿ ಅಂತ ಹೇಳ್ಬೇಡಿ ಸಾರ್. ನನಗೆ ಹಗಲು ಭಾರೀ ಅನುಕೂಲ ಆಗಿದೆ. ರಾತ್ರಿ ಗಾಡಿ ಓಡಿಸೋರು ಮೊದಲೇ ಡಾಕ್ಟರ್ನ ಕೇಳ್ಕೊಳ್ಳಿ ಅಂತ ಹೇಳಿ. ನನಗೆ ಯಾರೂ ಹೇಳಿರ್ಲಿಲ್ಲ. ಅಷ್ಟು ಸಾಕು."

ಹೇಳಿದ್ದೀನಿ. ತಡವಾಯ್ತು, ಆದರೂ ಹೇಳಿದ್ದೀನಿ.